ಹೆಲ್ಮೆಟ್ ಮೇಲಿನ ಬೆರಳು

ಆ ಮನುಷ್ಯ ನಮ್ಮ ಅಂಗಡಿಗೆ ಆಡಲಿಕ್ಕೆ ಬರುತ್ತಿರಲಿಲ್ಲ. ನೋಡಲಿಕ್ಕೆ ಬರುತ್ತಿದ್ದ. ಅದನ್ನು ಮೊದಲು ಗಮನಿಸಿದವಳು ನಾನು ಅಂತ ಅಂದುಕೊಂಡಿದ್ದೆ.

ತುಮಕೂರಿನ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ನನ್ನ ಮಗ ಗೇಮ್ ಅಂಗಡಿ ಇಟ್ಟಿದ್ದಾನೆ. ಟಿವಿಗಳು, ಅವುಗಳ ಮುಂದೆ ಕುರ್ಚಿ, ಹಿಂದೆ ಗೋಡೆಗೆ ತಾಗಿಸಿ ಉದ್ದನೆಯ ಬೆಂಚು. ಒಳಬಾಗಿಲ ಹೊಸ್ತಿಲಿನ ಹತ್ತಿರ ನನ್ನ ಜಾಗ. ಹುಣಸೆಹಣ್ಣಿನ ಕಾಲದಲ್ಲಿ ಅಲ್ಲೇ ಕೂತು ಕಲ್ಲಿನ ಮೇಲೆ ಹಣ್ಣು ಇಟ್ಟು, ಸುತ್ತಿಗೆಯಲ್ಲಿ ಬಡಿದು ಬೀಜ ಬಿಡಿಸುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಟಿವಿಯ ಮೇಲೆ ಬರುವ ಇಂಗ್ಲಿಷ್ ನನಗೆ ತಿಳಿಯುವುದಿಲ್ಲ. ಹೊಡೆತ ತಿಳಿಯುತ್ತದೆ.

ಹೊಡೆದಾಟದ ಆಟಕ್ಕೆ ಇರುವುದು ನಡುವಿನ ಟಿವಿ. ಇಬ್ಬರು ಅಕ್ಕಪಕ್ಕ ಕೂತು ಕಂಟ್ರೋಲರ್ ಒತ್ತುತ್ತಾರೆ, ಪರದೆಯ ಮೇಲೆ ಅವರವರ ಗೊಂಬೆಗಳು ಹೊಡೆದಾಡುತ್ತವೆ. ಯಾರ ಗೊಂಬೆಯ ಜೀವದ ಪಟ್ಟಿ ಮೊದಲು ಖಾಲಿಯಾಗುತ್ತದೋ ಅವರು ಸೋತರು. ನಮ್ಮ ಅಂಗಡಿಯ ಪದ್ಧತಿಯಲ್ಲಿ ಗೆದ್ದವರು ಕೂತೇ ಇರಬೇಕು, ಸೋತವರು ಎದ್ದು ಬೆಂಚಿಗೆ ಹೋಗಬೇಕು, ಬೆಂಚಿನಲ್ಲಿ ಕಾದವರು ಬಂದು ಕೂರಬೇಕು.

ಡಿಗ್ರಿ ಮುಗಿಸಿಕೊಂಡಿದ್ದ ನನ್ನ ಮೊಮ್ಮಗಳು ಆ ಕುರ್ಚಿಯಿಂದ ಏಳುತ್ತಿರಲಿಲ್ಲ. ಊರ್ಡಿಗೆರೆಯಿಂದ, ಕ್ಯಾತ್ಸಂದ್ರದಿಂದ ಹುಡುಗರು ಅವಳನ್ನು ಸೋಲಿಸುತ್ತೇವೆಂದು ಜಂಬ ಮಾಡಿಕೊಂಡು ಬಂದು, ಬೆಂಚಿಗೆ ಹೋಗಿ ಕೂರುತ್ತಿದ್ದರು. ಅವಳದ್ದು ತಲೆ ಬೋಳಿಸಿಕೊಂಡ ಒಬ್ಬ ಹೆಂಗಸಿನ ಗೊಂಬೆ. ಎಗರಿ ಎದುರಾಳಿಯ ಎದೆಗೆ ಒದೆಯುವುದೇ ಅದರ ದೊಡ್ಡ ವರಸೆ.

ಗುಬ್ಬಿಯಲ್ಲಿ ಪಂದ್ಯ ಎಂದು ಸುದ್ದಿ ಬಂತು. ಅಲ್ಲಿ ಗೆದ್ದ ಒಬ್ಬರು ಮಾತ್ರ ದೊಡ್ಡ ಪಂದ್ಯಕ್ಕೆ ಬೆಂಗಳೂರಿಗೆ. ನನ್ನ ಮಗನಿಗೂ ಮೊಮ್ಮಗಳಿಗೂ ಊಟದ ಹೊತ್ತಿನಲ್ಲಿ ಮಾತಾಯಿತು. ಗೆದ್ದರೆ ಒಂದು ವರ್ಷ ಆಟವೇ ಅವಳ ಕೆಲಸ, ಅವನು ಚಕಾರ ಎತ್ತುವುದಿಲ್ಲ. ಸೋತರೆ ಬಿ.ಎಡ್. ಸೇರಬೇಕು, ಕಂಟ್ರೋಲರ್ ಮುಟ್ಟಬಾರದು. ಅವಳು ನಗುನಗುತ್ತಾ ಒಪ್ಪಿದಳು. ನನ್ನ ಮಗ ಮಾತಿಗೆ ತಪ್ಪುವವನಲ್ಲ, ತಪ್ಪಲು ಬಿಡುವವನೂ ಅಲ್ಲ.

ಆ ಮನುಷ್ಯ ಕಾಣಿಸಿಕೊಂಡಿದ್ದು ಅದಾದ ಮೇಲೆ. ಮೂವತ್ತು ದಾಟಿದವನು, ಕುಣಿಗಲ್ ತಾಲೂಕಿನ ಅಮೃತೂರಿನವನು, ಕೊಬ್ಬರಿ ವ್ಯಾಪಾರವಂತೆ. ಬೈಕು ನಿಲ್ಲಿಸಿ ಬಂದು ಬೆಂಚಿನ ಮೂಲೆಯಲ್ಲಿ ಕೂತು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಸರದಿ ಬಂದರೆ ಪಕ್ಕದವನಿಗೆ ಬಿಟ್ಟುಕೊಡುತ್ತಿದ್ದ. ಅಣ್ಣ ಹೆಣ್ಣು ನೋಡೋಕೆ ಬಂದವ್ನಾ ಹೆಂಗೆ ಎಂದು ಹುಡುಗರು ಅವನ ಬೆನ್ನ ಹಿಂದೆ ತಮಾಷೆ ಮಾಡಿದರು. ಅವನು ನೋಡುತ್ತಿದ್ದುದು ಹೆಣ್ಣನ್ನಲ್ಲ.

ಒಂದು ಮಧ್ಯಾಹ್ನ ಬೀಜ ಆರಿಸಲೆಂದು ಸುತ್ತಿಗೆ ಕೆಳಗಿಟ್ಟೆ. ಆಗ ಟಕ್ ಎಂದು ಸಣ್ಣ ಸದ್ದು ಕೇಳಿತು. ಬೋಳು ಹೆಂಗಸು ಎಗರಿತು. ಮತ್ತೆ ಟಕ್. ಮತ್ತೆ ಎಗರಿತು. ಅವನ ಹೆಬ್ಬೆರಳು ಹೆಲ್ಮೆಟ್ ಮೇಲೆ ಆಡುತ್ತಿತ್ತು. ಅವಳನ್ನು ನೋಡಿ ಬೆರಳು ಆಡಿಸುತ್ತಿದ್ದಾನೆ ಎಂದು ಮೊದಲು ಅನ್ನಿಸಿತು. ಕಿವಿಗೊಟ್ಟು ಕೂತ ಮೇಲೆ ಗೊತ್ತಾಯಿತು, ಸದ್ದು ಮೊದಲು ಬರುತ್ತಿತ್ತು, ನೆಗೆತ ಆಮೇಲೆ. ಅವಳ ಗೊಂಬೆಯ ಬೆನ್ನು ಪರದೆಯ ಅಂಚಿಗೆ ತಾಗಿದರೆ ಟಕ್, ಎಗರುತ್ತಾಳೆ. ಕೆಳಗೆ ಬಿದ್ದು ಏಳುವಾಗ ಟಕ್, ಏಳುತ್ತಲೇ ಒದೆಯುತ್ತಾಳೆ. ಮುಂದಿನದು ಏನೆಂದು ಅವಳಿಗಿಂತ ಮುಂಚೆ ಅವನಿಗೆ ಗೊತ್ತಿತ್ತು. ಅವತ್ತು ನಾನು ಮತ್ತೆ ಸುತ್ತಿಗೆ ಎತ್ತಲಿಲ್ಲ.

ಮುದ್ದೆ ಬಡಿಸುವಾಗ ಮೊಮ್ಮಗಳಿಗೆ ಹೇಳಿದೆ.

"ಅಮೃತೂರೋನು ನಿನ್ನ ಆಟ ಬಾಯಿಪಾಠ ಮಾಡ್ಕೊಂಡವ್ನೆ ಕಣೇ. ಅಂಚಿಗೆ ಸಿಕ್ಕಿದ ತಕ್ಷಣ ಎಗರ್ತೀಯ. ಅವ್ನಿಗೆ ಗೊತ್ತು."

"ಯಾವ ಬಟನ್ ಯಾತಕ್ಕೆ ಅಂತ ಗೊತ್ತಿಲ್ಲ, ಕೋಚ್ ಆಗ್ಬುಟ್ಟೆ ನೀನು," ಎಂದಳು. "ಎಗರಿದ್ರೆ ಗೆಲ್ತೀನಲ್ಲ ಅಜ್ಜಿ."

"ಯಾರ ಮೇಲೆ? ನಿಮ್ಮಪ್ಪನ ಅಂಗಡೀಗೆ ಬರೋ ಹೈಕಳ ಮೇಲೆ."

ಅವಳು ಇನ್ನೊಂದು ಮುದ್ದೆ ಹಾಕಿಸಿಕೊಂಡಳು, ಮಾತು ಹಾಕಿಸಿಕೊಳ್ಳಲಿಲ್ಲ. ಅವಳ ಗುಣವೇ ಹಾಗೆ. ಹಾಗಲವಾಡಿಯ ಒಬ್ಬ ಸಣಕಲ ಅಪರೂಪಕ್ಕೆ ಅವಳನ್ನು ಸೋಲಿಸಿದಾಗ ಬಟನ್ ಹಿಡಿದುಕೊಂಡಿತು ಎಂದು ಕಂಟ್ರೋಲರ್ ಬದಲಾಯಿಸಿ, ಏಳದೆ ಮತ್ತೆ ಆಡಿದಳು. ಅವನು ಹೇಗೆ ಹೊಡೆದ ಎಂದು ಕೇಳಲಿಲ್ಲ. ಗೆದ್ದು ಗೆದ್ದು ಕುರ್ಚಿಯಲ್ಲೇ ಕೂತವಳು ಒಂದು ದಿನವೂ ಬೆಂಚಿನಲ್ಲಿ ಕೂತು ಇನ್ನೊಬ್ಬರ ಆಟ ನೋಡಿದವಳಲ್ಲ. ಬೆನ್ನ ಹಿಂದೆ ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಯಾರನ್ನೂ ನೋಡಿರಲಿಲ್ಲ.

ಮಗನಿಗೆ ಹೇಳೋಣವೆಂದು ಹೋದೆ. ಅವನು ಅಡುಗೆಮನೆಯಲ್ಲಿ ಅದೇ ಮನುಷ್ಯನಿಗೆ ಟೀ ಕಾಯಿಸುತ್ತಿದ್ದ. ಅಮೃತೂರಿನವನು ಸುಮ್ಮನೆ ಕೂತಿಲ್ಲ, ನಿನ್ನ ಮಗಳನ್ನು ಕಲಿಯುತ್ತಿದ್ದಾನೆ ಎಂದೆ.

"ಗೊತ್ತು ಕಣವ್ವ," ಎಂದ. ಲೋಟ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. "ಅಂಗಡಿ ಇದು. ಬಂದೋರನ್ನ ಏಳಿ ಅನ್ನೋಕಾಯ್ತದಾ?"

ಕೈ ಒರೆಸಿಕೊಂಡು ಟೀ ತೆಗೆದುಕೊಂಡು ಹೋದ. ಎರಡು ಬಿಸ್ಕತ್ತೂ ಇಟ್ಟಿದ್ದ. ನಾನು ಹೆತ್ತ ಮಗ, ಅವನು ಯಾವಾಗ ಸಿಟ್ಟಾಗುತ್ತಾನೆ, ಯಾವಾಗ ಸುಳ್ಳು ಹೇಳುತ್ತಾನೆ ನನಗೆ ಗೊತ್ತು. ಇದು ಯಾವುದೆಂದು ಗೊತ್ತಾಗಲಿಲ್ಲ.

ಪಂದ್ಯ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ, ಮೂವರೂ ಹೋಗಿದ್ದೆವು. ಹಸೆಮಣೆ ಇಡುವ ಜಾಗದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಮೊಮ್ಮಗಳು ಬೆಳಗಿನಿಂದ ಬಂದವರನ್ನೆಲ್ಲ ಒದ್ದು ಕಳಿಸಿದಳು. ಕೊನೆಗೆ ಅವಳ ಪಕ್ಕದ ಕುರ್ಚಿಗೆ ಬಂದು ಕೂತವನು ಅವನೇ. ಹೆಲ್ಮೆಟ್ಟನ್ನು ಕುರ್ಚಿಯ ಕೆಳಗಿಟ್ಟ. ಅವನು ಆರಿಸಿಕೊಂಡಿದ್ದು ಒಬ್ಬ ದಪ್ಪ ಮುದುಕನ ಗೊಂಬೆ, ನಿಂತ ಕಡೆಯಿಂದ ಹೆಚ್ಚು ಅಲುಗದು.

ಮೂರರಲ್ಲಿ ಎರಡು ಗೆಲ್ಲಬೇಕಿತ್ತು. ಮೊದಲನೆಯದರಲ್ಲಿ ಅವಳಿಗೆ ನನ್ನ ಮಾತು ನೆನಪಿತ್ತು ಅಂತ ಕಾಣುತ್ತದೆ. ಅಂಚಿಗೆ ಸಿಕ್ಕಾಗ ಎಗರಲಿಲ್ಲ, ತಡೆದು ನಿಂತು ಕೆಳಗಿನಿಂದ ಹೊಡೆದಳು. ಮುದುಕ ಬಿದ್ದ. ಜನ ಚಪ್ಪಾಳೆ ತಟ್ಟಿದರು. ಅವನು ಮಾತ್ರ ಅವಸರವಿಲ್ಲದೆ ಪ್ಯಾಂಟಿಗೆ ಹೆಬ್ಬೆರಳು ಒರೆಸಿಕೊಂಡ.

ಎರಡನೆಯದರಲ್ಲಿ ಅವನು ಅವಳನ್ನು ಅಂಚಿಗೆ ತಳ್ಳಿಕೊಂಡು ಹೋಗಿ ಸುಮ್ಮನೆ ನಿಂತ. ಹೊಡೆಯಲಿಲ್ಲ. ಅವಳ ಭುಜ ಮೇಲಕ್ಕೆ ಹೋಗುವುದು ನನಗೆ ಕಾಣುತ್ತಿತ್ತು. ತಡೆದಳು, ತಡೆದಳು, ಆಮೇಲೆ ಹೆಬ್ಬೆರಳು ತಡೆಯಲಿಲ್ಲ. ಅವಳು ಎಗರುವ ಮುಂಚೆಯೇ ಮುದುಕನ ಕೈ ಮೇಲೆದ್ದಿತ್ತು. ಮೂರನೆಯದರಲ್ಲಿ ಎಗರಿದರೂ ಹೊಡೆತ, ನಿಂತರೂ ಹೊಡೆತ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಬೋಳು ಹೆಂಗಸು ಕಲ್ಲಿನ ಹಾಗೆ ನಿಂತು ಹೊಡೆಸಿಕೊಂಡಿತು.

ಅವನು ಎದ್ದು ಅವಳ ಕೈ ಕುಲುಕಿದ. ಕೆಟ್ಟವನೇನಲ್ಲ, ಮರ್ಯಾದೆಯಿಂದಲೇ ಮಾತಾಡಿದ.

"ಚೆನ್ನಾಗ್ ಆಡ್ತೀಯಮ್ಮ. ನಿಮ್ ತಂದೆಗೆ ಥ್ಯಾಂಕ್ಸ್ ಹೇಳ್ಬೇಕು. ಹೋದಾಗೆಲ್ಲ ಟೀ ಕೊಟ್ಟು ಕೂರಿಸ್ಕೊಂಡ್ರು, ಯಾಕೆ ಆಡಲ್ಲ ಅಂತ ಒಂದ್ ದಿನಾನೂ ಕೇಳ್ಲಿಲ್ಲ."

ಅವಳು ತಿರುಗಿ ಅಪ್ಪನನ್ನು ನೋಡಿದಳು. ಅವನು ಫೋನು ನೋಡುತ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಂಟ್ರೋಲರ್ ಸರಿಯಿರಲಿಲ್ಲ ಎನ್ನಲಿಲ್ಲ. ನಿಟ್ಟೂರು, ಗುಬ್ಬಿ ಎಂದು ಕೂಗುವ ಎದುರು ಬಸ್ಸುಗಳನ್ನು ನೋಡುತ್ತಾ ಕೂತಿದ್ದವಳು, ನಿನಗೆ ಗೊತ್ತಿತ್ತಾ ಎಂದು ಅಪ್ಪನನ್ನು ಕೇಳಿದಳು.

"ಅಜ್ಜಿ ಹೇಳ್ಲಿಲ್ವಾ ನಿಂಗೆ?" ಎಂದ ಅವನು. "ಕೇಳಿದ್ಯಾ?"

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ, ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಾತಿನಂತೆ ಬಿ.ಎಡ್. ಸೇರಿದ್ದಾಳೆ, ಕುಣಿಗಲ್ಲಿನಲ್ಲಿ. ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಂಟ್ರೋಲರ್ ಮುಟ್ಟಿಲ್ಲ. ಸಂಜೆ ಬಂದು ಮುಖ ತೊಳೆದು, ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ಅದೇ ಮೂಲೆಯಲ್ಲಿ ಕೂರುತ್ತಾಳೆ. ಕೂರಬಾರದು ಎಂದು ಒಪ್ಪಂದದಲ್ಲಿ ಇರಲಿಲ್ಲವಲ್ಲ. ಬುದ್ಧಿ ಬಂತು, ಈಗ ಇನ್ನೊಬ್ಬರ ಆಟ ನೋಡಿ ಕಲಿಯುತ್ತಿದ್ದಾಳೆ ಎಂದು ನನ್ನ ಮಗ ಖುಷಿಯಲ್ಲಿದ್ದಾನೆ.

ಮೊನ್ನೆ ಹೊಸ್ತಿಲಲ್ಲಿ ಕೂತು ಅವಳ ಕಣ್ಣು ಎಲ್ಲಿದೆ ಎಂದು ನೋಡಿದೆ. ಟಿವಿಯ ಮೇಲೆ ಇರಲಿಲ್ಲ. ಗಲ್ಲಾದ ಹಿಂದೆ ಕೂತ ಅಪ್ಪನ ಮೇಲಿತ್ತು. ಡಬ್ಬಿಯ ಮುಚ್ಚಳದ ಮೇಲೆ ಅವಳ ಬೆರಳು ಟಕ್ ಎಂದಿತು. ಅದಾದ ಮೇಲೆ ನನ್ನ ಮಗ ಮೈ ಮುರಿದು, ಟೀ ಮಾಡಲು ಎದ್ದ.