ಗೋಡೆ ಪಕ್ಕದ ಬೆಂಚುಗಳು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತ್ಯಾಗರಾಜನಗರದ ಒಂದು ಖಾಸಗಿ ಶಾಲೆಗೆ ಟೀಚರಾಗಿ ಸೇರಿದೆ. ಅಲ್ಲಿನ ಹೆಡ್‌ಮಾಸ್ಟರು ಎಂದೂ ಗದರಿದವರಲ್ಲ. ಆದರೂ ಅವರ ಚಪ್ಪಲಿ ಸದ್ದಿಗೆ ಸ್ಟಾಫ್ ರೂಮಿನ ಮಾತು ನಿಂತುಹೋಗುತ್ತಿತ್ತು. ಹಿಂದೆ ಗಣಿತದ ಮೇಷ್ಟರೊಬ್ಬರು ಮೀಟಿಂಗಿನಲ್ಲಿ ಮಾಡು ಸೋರುವ ವಿಷಯ ಎತ್ತಿದ್ದರಂತೆ. ಮರುದಿನದಿಂದ ಅವರಿಗೆ ಕ್ಲಾಸೇ ಕೊಡಲಿಲ್ಲ. ದಿನವಿಡೀ ಸುಮ್ಮನೆ ಕೂತೂ ಕೂತೂ ಬೇಸತ್ತು ಅವರು ತಾವಾಗಿಯೇ ಬಿಟ್ಟುಹೋದರು.

ಆ ಮಳೆಗಾಲದಲ್ಲಿ ಸೋರುವ ಮಾಡಿನ ನೀರಿಳಿದು ನನ್ನ ಮೂರನೇ ಕ್ಲಾಸಿನ ಹಿಂದಿನ ಮಣ್ಣುಗೋಡೆ ಬಿರುಕು ಬಿಟ್ಟಿತು. ಪಾಠದ ನಡುವೆ ಸರಸರ ಮಣ್ಣು ಉದುರುವುದು ಕೇಳಿಸುತ್ತಿತ್ತು. ಸದ್ದಿಲ್ಲದೆ ಬೆಂಚುಗಳನ್ನು ಮುಂದಕ್ಕೆ ಎಳೆಸಿದೆ. ಗೋಡೆಯಾಚೆ ಕನ್ನಡ ಪಂಡಿತರ ಕ್ಲಾಸು. ಇಣುಕಿ ನೋಡಿದರೆ ಅವರ ಬೆಂಚುಗಳೂ ಗೋಡೆ ಬಿಟ್ಟು ಸರಿದಿದ್ದವು.

"ನೀವೂ ನೋಡಿದ್ರಾ ಸಾರ್?"

"ಈ ಕಡೆ ಗಾಳಿ ಚೆನ್ನಾಗಿ ಬರತ್ತಮ್ಮ," ಎಂದರು ಪಂಡಿತರು, ನನ್ನ ಮುಖ ನೋಡದೆ.

ಸೋಮವಾರದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ. ಹೆಡ್‌ಮಾಸ್ಟರು ನಕ್ಕರು.

"ಬೇರೆ ಯಾರಿಗಾದ್ರೂ ಬಿರುಕು ಕಾಣಿಸ್ತಾ?"

ಎಲ್ಲರೂ ನೆಲ ನೋಡಿದರು. ಪಂಡಿತರು ಕನ್ನಡಕ ಒರೆಸುತ್ತಲೇ ಇದ್ದರು.

"ಒಬ್ರಿಗೇ ಕಾಣೋದು ಬಿರುಕಲ್ಲಮ್ಮ, ಭಯ. ಬೆಂಚು ಹಿಂದಕ್ಕೆ ಹಾಕ್ಸಿ. ನಾಳೆ ಬಂದು ನೋಡ್ತೀನಿ."

ಹಾಕಿಸಿದೆ. ಅವರು ಬಂದು, ಮಕ್ಕಳ ಬೆನ್ನು ಗೋಡೆಗೆ ತಾಗಿದ್ದನ್ನು ನೋಡಿ, ತಲೆಯಾಡಿಸಿ ಹೋದರು. ಮಧ್ಯಾಹ್ನ ಮಳೆ ಬಿರುಸಾಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳ ಜಡೆಯ ಮೇಲೆ ಮಣ್ಣಿನ ಹೆಂಟೆ ಬಿತ್ತು. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು.

"ಎಲ್ಲಾ ವರಾಂಡಕ್ಕೆ ನಡೀರಿ, ಕಥೆ ಹೇಳ್ತೀನಿ," ಎಂದು ಮಕ್ಕಳನ್ನು ಹೊರಡಿಸಿ, ಓಡಿಹೋಗಿ ಪಂಡಿತರ ಬಾಗಿಲಲ್ಲಿ ನಿಂತೆ. ಗೋಡೆಯತ್ತ ಕೈ ತೋರಿಸಿದೆ. ಅವರು ಪುಸ್ತಕ ಮುಚ್ಚಿ ಮಕ್ಕಳನ್ನು ಎಬ್ಬಿಸಿದರು.

ಕಥೆ ಅರ್ಧಕ್ಕೆ ಬಂದಿರಲಿಲ್ಲ, ಗೋಡೆ ಕುಸಿಯಿತು. ನಾನು ಹಾಕಿಸಿದ್ದ ಬೆಂಚುಗಳು ಮಣ್ಣಿನಡಿ ಮುರಿದು ಬಿದ್ದವು.

ಹೆಡ್‌ಮಾಸ್ಟರು ಕೊಡೆ ಹಿಡಿದು ಬಂದರು. ಮಕ್ಕಳ ಕಡೆ ತಿರುಗಿಯೂ ನೋಡಲಿಲ್ಲ.

"ಪರ್ಮಿಷನ್ ಇಲ್ದೆ ಕ್ಲಾಸ್ ಹೊರಗೆ ಬಿಟ್ಟಿದ್ದು ಯಾರು?"

"ನಾನು ಸಾರ್," ಎಂದೆ. ಪಕ್ಕದಲ್ಲಿದ್ದ ಪಂಡಿತರು ಮತ್ತೆ ಕನ್ನಡಕ ಒರೆಸತೊಡಗಿದರು.

ಸಂಜೆ ಗಾಬರಿಯಿಂದ ಬಂದ ತಂದೆತಾಯಿಗಳಿಗೆ ಹೆಡ್‌ಮಾಸ್ಟರು, "ಏನಿಲ್ಲ, ರಿಪೇರಿಗೆ ಅಂತ ನಾವೇ ಕೆಡವಿಸಿದ್ದು," ಎಂದರು. ಸಾಲಾಗಿ ನಿಂತಿದ್ದ ಟೀಚರುಗಳೆಲ್ಲ ಹೌದೆಂದು ತಲೆಯಾಡಿಸಿದರು.

ವರ್ಷದ ಕೊನೆಗೆ ನಾನು ಜಯನಗರದ ಬೇರೊಂದು ಶಾಲೆಗೆ ಹೋದೆ. ಪಂಡಿತರು ನಿವೃತ್ತಿಯವರೆಗೂ ಅಲ್ಲೇ ಇದ್ದರು.