ನಮ್ಮೂರಿನವರ ಬ್ರೇಕ್ ಪೈಪು

ತೆಲುಗು ನಾಡಿನ ಗಾಜುವಾಕದ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ಲು ಸೀದಾ ತಳಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ಮುಂದಿನ ಆಟೋಗೆ ಒಂದು ಗೇಣು ಉಳಿಸಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು, ಅದೇನೋ ಆಟ ಅಂದುಕೊಂಡು ನಗುತ್ತಿದ್ದಳು.

ಆ ಹಳೇ ಕಾರು ಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಮಾರಿದವರು ಗಾಜುವಾಕದಲ್ಲೇ ಮನೆ ಮಾಡಿದ್ದ ನಮ್ಮ ದಾವಣಗೆರೆಯವರು, ವರ್ಗವಾಗಿ ಊರಿಗೆ ಹೊರಟಿದ್ದರು. ಮನೆಗೆ ಕರೆದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕೀ ಕೊಟ್ಟರು. "ಒಮ್ಮೆ ಮೆಕ್ಯಾನಿಕ್‌ಗೆ ತೋರಿಸ್ರಿ" ಎಂದು ಹೆಂಡತಿ ಹೇಳಿದ್ದಳು. ನಮ್ಮೂರಿನವರ ಮೇಲೇ ಅನುಮಾನವಾ ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ.

ಹತ್ತಿರದ ಮೆಕ್ಯಾನಿಕ್ ಕಾರಿನಡಿ ನುಸುಳಿ, ಹಿಂದಿನ ಚಕ್ರದ ಬಳಿ ಟಾರ್ಚ್ ಬಿಟ್ಟು ತೋರಿಸಿದ. ತುಕ್ಕು ಹಿಡಿದ ಬ್ರೇಕ್ ಪೈಪಿಗೆ ಬೂದು ಬಣ್ಣದ ಅಂಟು ಮೆತ್ತಿತ್ತು. ಅದರ ಬಿರುಕಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು.

"ಯಾವ ಪಾಪಿ ಮಾಡಿದ ಕೆಲಸ ಇದು?" ಎಂದೆ, ನನ್ನ ಹರಕುಮುರುಕು ತೆಲುಗಿನಲ್ಲಿ.

ಆತ ಕೈ ಒರೆಸಿಕೊಂಡ. "ನಾನೇ ಸಾರ್. ಪೈಪು ಬದಲಿಸಲೇಬೇಕು ಅಂದೆ. ಬೇಡ, ತಗೊಳ್ಳೋನು ನಮ್ಮವನೇ, ಯಾರಿಗೂ ತೋರಿಸಲ್ಲ ಅಂದ್ರು ಈ ಕಾರಿನ ಹಳೇ ಸಾರ್."

ಆತ ಹೊಸ ಪೈಪು ಹಾಕಿ, ಅದರೊಳಗಿನ ಗಾಳಿ ತೆಗೆದು, ಪೆಡಲ್ಲು ಗಟ್ಟಿಯಾಗುವವರೆಗೂ ನಾನು ಪಕ್ಕದಲ್ಲೇ ನಿಂತು ನೋಡಿದೆ. ಈಗ ಈ ಊರಲ್ಲಿ ಯಾರಾದರೂ ಕನ್ನಡದಲ್ಲಿ "ಯಾವೂರು ಸಾರ್ ನಿಮ್ದು?" ಅಂದರೆ ಸಾಕು, ನನ್ನ ಬಲಗಾಲು ತಾನಾಗೇ ಬ್ರೇಕ್ ಹುಡುಕುತ್ತದೆ.