ಚಾಚಾನ ಗಾಡಿಯ ನಡುಕ

ಚಿಕ್ಕೋಡಿಯ ಗ್ಯಾರೇಜಿನಲ್ಲಿ ನಾನು ಎಂಜಿನ್ ಬಿಚ್ಚುವುದಕ್ಕಿಂತ ಎಂಜಿನ್ನಿನ ದನಿ ತೆಗೆಯುವುದೇ ಹೆಚ್ಚು. ಗಾಡಿಗೆ ಏನಾಗಿದೆ ಅಂತ ಹೇಳಲು ಗಿರಾಕಿಗಳಿಗೆ ಬರುವುದಿಲ್ಲ. ನಾನು ಬಾಯಿಂದಲೇ ನಾಲ್ಕೈದು ನಮೂನಿ ಸಪ್ಪಳ ಮಾಡುತ್ತೇನೆ, ಒಂದಕ್ಕೆ ಅವರು ಹೂಂಗುಟ್ಟುತ್ತಾರೆ. ಮಾಲಕರ ಕೆಮ್ಮನ್ನೂ ಹಾಗೇ ತೆಗೆಯುತ್ತೇನೆ. ಸಂಜೆ ದಣಿದು ಕೂತಾಗ ನನ್ನ ನಿಟ್ಟುಸಿರೂ ಇನ್ಯಾರದೋ ನಕಲಿನಂತೆ ಕೇಳಿಸುತ್ತದೆ, ಅದೂ ಕಳಪೆ ನಕಲು.

ಈ ಕಬ್ಬಿನ ಹಂಗಾಮಿನಲ್ಲಿ ಕುಡಚಿಯ ಒಬ್ಬ ಚಾಚಾ ಬಂದರು. ಉಗಾರದ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು. ಎಡ ಮೊಣಕಾಲು ಮಡಚುವುದಿಲ್ಲ, ಕ್ಲಚ್ ತುಳಿಯುವುದು ಆಗದ ಮಾತು. ಅದಕ್ಕೇ ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದರು. ಅದೂ ನಿಂತರೆ ಮನೆಯಿಂದ ಹೊರಗೆ ಹೋಗಲು ದಿನಾ ಮಗನ ಮುಖ ನೋಡಬೇಕು. ಓಡುತ್ತ ಓಡುತ್ತ ಕಾರು ನಡುಗುತ್ತದೆ ಅಂದರು. ನಾನು ಸಣ್ಣ ಉಬ್ಬುಗಳ ಮೇಲೆ ಗಾಲಿ ಉರುಳಿದ ಹಾಗೆ 'ದುರ್ ದುರ್ ದುರ್' ಅಂದೆ. ಚಾಚಾ ಕಣ್ಣು ಮುಚ್ಚಿ ತಲೆಯಾಡಿಸಿದರು.

ಇಂಥ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಎಣ್ಣೆ. ಎರಡು ಫ್ಯಾನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಅದಕ್ಕೇ ಗೇರಿನಲ್ಲಿದ್ದು ಬ್ರೇಕ್ ಒತ್ತಿ ನಿಂತರೂ ಎಂಜಿನ್ ಬಂದ್ ಆಗುವುದಿಲ್ಲ. ಆದರೆ ಎರಡನೆಯ ಫ್ಯಾನು ಯಾವಾಗಲೂ ತುಸು ಹಿಂದೆ. ಆ ಜಾರುವಿಕೆಯಲ್ಲಿ ಪೆಟ್ರೋಲು ಹಾಳು, ಎಣ್ಣೆಗೂ ಕಾವು. ಹಾಗಾಗಿ ಗಾಡಿ ಒಂದೇ ವೇಗಕ್ಕೆ ಹತ್ತಿದ ಮೇಲೆ ಒಳಗಿನ ಕ್ಲಚ್ ಪ್ಲೇಟು ಹೊರಗಿನ ಕವಚವನ್ನು ಒತ್ತಿ ಹಿಡಿಯುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಕೂಡಿಯೇ ತಿರುಗುತ್ತವೆ. ಇದೇ ಲಾಕಪ್. ವೇಗ ಇಳಿದರೆ ಹಿಡಿತ ಬಿಡುತ್ತದೆ. ಚಾಚಾನ ಪ್ಲೇಟು ಹಿಡಿದು, ಜಾರಿ, ಮತ್ತೆ ಹಿಡಿಯುತ್ತಿತ್ತು.

ಗೇರ್‌ಬಾಕ್ಸಿಗೆ ಯಾವ ಎಣ್ಣೆ ಹಾಕಿಸಿದಿರಿ ಅಂತ ಕೇಳಿದೆ.

"ಮನ್ಯಾಗ ಟ್ರ್ಯಾಕ್ಟರದ ಎಣ್ಣಿ ಡಬ್ಬಿ ಇತ್ತಲ್ಲೋ ಬೇಟಾ, ಅದನ್ನ ಹಾಕೇನಿ. ಕಬ್ಬ ತುಂಬಿದ ಎರಡ ಟ್ರೇಲಿ ಎಳಿತೈತಿ ಅದು. ಈ ಗಾಡಿಗೆ ಸಾಲೂದಿಲ್ಲಾ?"

ನಗಲಿಕ್ಕೂ ಆಗಲಿಲ್ಲ. ನಮ್ಮ ಕಡೆ ಬಾಗಿಲ ಕೀಲಿನಿಂದ ಹಿಡಿದು ಬೈಕಿನ ಚೈನಿನವರೆಗೆ ಎಲ್ಲಕ್ಕೂ ಆ ಡಬ್ಬಿಯೇ ಗತಿ. ಆದರೆ ಈ ಪ್ಲೇಟಿಗೆ ಅದರದೇ ಎಣ್ಣೆ ಬೇಕು, ಇಲ್ಲದಿದ್ದರೆ ಮೆತ್ತಗೆ ಹಿಡಿಯುವುದಿಲ್ಲ.

ಆ ಎಣ್ಣೆ ಇಳಿಸಿದೆ, ಸರಿಯಾದದ್ದು ಹಾಕಿದೆ. ಹಳೆಯದು ಅರ್ಧ ಒಳಗೇ ಉಳಿಯುತ್ತದೆ. ಓಡಿಸಿ ತಂದು ಮತ್ತೆ ಇಳಿಸು, ಮತ್ತೆ ಹಾಕು. ಸೊಂಟ ಬಿತ್ತು. ಚಾಚಾ ಹಳೆ ಟೈರಿನ ಮೇಲೆ ಕಾಲು ಚಾಚಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ಇಬ್ಬರೂ ರಾಯಬಾಗದ ರಸ್ತೆ ಹಿಡಿದೆವು. ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿ ರಸ್ತೆ ಖಾಲಿಯಾದಾಗ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ತುಸು ಇಳಿಯಿತು. ಪ್ಲೇಟು ಹಿಡಿದಿತ್ತು. ನಡುಕ ಕಡಿಮೆಯಾಗಿತ್ತು, ಹೋಗಿರಲಿಲ್ಲ. ರೂಢಿಯಂತೆ ಬಾಯಿ ತೆರೆದೆ, ಸಪ್ಪಳ ಮಾಡಲು ಮನಸ್ಸಾಗಲಿಲ್ಲ. ಪ್ಲೇಟು ಸವೆದು ನುಣ್ಣಗಾಗಿದೆ, ಕವಚದ ಸಮೇತ ಇಡೀ ಭಾಗವನ್ನೇ ಬದಲಿಸಬೇಕು, ಇಷ್ಟು ಹಳೆಯ ಗಾಡಿಗೆ ಅದು ಸಿಗುವುದು ಯಾವಾಗಲೋ ಅಂತ ಹೇಳಿದೆ.

ಚಾಚಾ ಆ ಮುಳ್ಳಿನತ್ತ ಬೊಟ್ಟು ಮಾಡಿದರು.

"ಹಿಡ್ದಾಗ ನಡಗತೈತಿ. ಹಿಡೀದಿದ್ರ?"

"ಮೆಲ್ಲಕ ಹೋದ್ರ ಹಿಡಿಯೂದಿಲ್ಲ, ನಡಗೂದೂ ಇಲ್ರಿ. ಆದ್ರ ಎಣ್ಣಿ ಕಾಯತೈತಿ. ದೂರ ಹೋಗಬ್ಯಾಡ್ರಿ."

"ನಾ ಎಲ್ಲಿ ದೂರ ಹೋಗಾಂವ? ಬಾಜಾರ, ಮಸೂತಿ, ಸ್ಟೇಷನ್. ಇಳಿ ನೀ, ನಾ ಹೊಡಿತೇನಿ."

ಸ್ಟಿಯರಿಂಗ್ ಅವರಿಗೆ ಕೊಟ್ಟೆ. ಗಾಡಿ ತಿರುಗಿಸಿ, ಕಬ್ಬಿನ ಟ್ರೇಲಿಯೊಂದರ ಹಿಂದೆ ಸೇರಿಸಿದರು. ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು. ಚಿಕ್ಕೋಡಿ ಬರುವತನಕ ಚಾಚಾ ಅದನ್ನು ದಾಟಲಿಲ್ಲ.